ಸಪ್ಪಳ ಮಾಡಿ ಹತ್ತಿದ ನಲವತ್ತೆರಡು ಮೆಟ್ಟಿಲು

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ನಾನು ಮೊದಲ ಸಲ ಪ್ರಜ್ಞೆ ತಪ್ಪಿ ಬಿದ್ದದ್ದು ಒಂದು ಸೋಮವಾರ, ಕೆಲಸದ ಜಾಗದಲ್ಲಿ ಎಂದು ನನ್ನ ನೆನಪು. ಆದರೆ ಆ ವರ್ಷ ಪೀಣ್ಯದ ನಮ್ಮ ಭಾಗಕ್ಕೆ ಸೋಮವಾರವೇ ಕರೆಂಟ್ ರಜೆ ಇತ್ತು, ಕಾರ್ಖಾನೆ ತೆರೆದೇ ಇರಲಿಲ್ಲ ಎನ್ನುತ್ತಾರೆ ನನ್ನ ಗಂಡ ಬಸವರಾಜ್. ಅವರು ಹೇಳುವುದು ಸರಿ ಇರಬೇಕು. ಹಾಗಾದರೆ ನಾನು ಬಿದ್ದ ದಿನ ಯಾವುದು, ಕಿವಿಯಲ್ಲಿ ಕೇಳುತ್ತಿದ್ದ ಮೋಟರಿನ ಸದ್ದು ಯಾವುದು, ನನಗೆ ಗೊತ್ತಿಲ್ಲ.

ಕಾಲೇಜಿನಿಂದಲೂ ಡೈರಿ ಬರೆಯುವ ಅಭ್ಯಾಸ ನನಗಿದೆ. ಆದರೆ ಆ ಕೆಲವು ತಿಂಗಳ ಪುಟಗಳಲ್ಲಿ ಮಾತುಗಳಿಗಿಂತ ಅಂಕಿಗಳೇ ಹೆಚ್ಚು. ಆದ್ದರಿಂದ ಓದುವವರು ಅಂಕಿಗಳನ್ನು ನಂಬಬಹುದು. ಮಾತುಗಳನ್ನು ನಾನು ನಾಲ್ಕು ವರ್ಷ ಕಳೆದ ಮೇಲೆ ಜೋಡಿಸುತ್ತಿದ್ದೇನೆ. ಅವುಗಳಲ್ಲಿ ಒಂದು ಮುಖ್ಯವಾದ ಮಾತನ್ನು ಯಾರು ಆಡಿದರು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ.

ಆದರೂ ಬರೆಯುತ್ತಿದ್ದೇನೆ. ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡು ಮನೆಗೆ ಬಂದ ಮೇಲೆ ಎಲ್ಲರೂ "ಸರಿಹೋಯ್ತಲ್ಲ" ಎನ್ನುತ್ತಾರೆ. ಪೂರ್ತಿ ಸರಿಹೋಗಿಲ್ಲ ಎಂದು ಹೇಳಲು ಸಂಕೋಚಪಟ್ಟು ಸುಮ್ಮನೆ ಕೂತವರು ಇನ್ನೂ ಇರಬಹುದು.

ನನಗೆ ಆಗ ಮೂವತ್ತಾರು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಪೀಣ್ಯದಲ್ಲಿ ಪಂಪುಗಳ ಮೋಟರು ತಯಾರಿಸುವ ಒಂದು ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ಎಂಟು ವರ್ಷದಿಂದ ಕೆಲಸ ಮಾಡುತ್ತಿದ್ದೆ. ಕೆಳಗೆ ಪ್ರೆಸ್ಸುಗಳು ತಗಡು ಕತ್ತರಿಸುವ ದೊಡ್ಡ ಶೆಡ್ಡು. ಅದರ ಒಂದು ಮೂಲೆಯಿಂದ ಕಬ್ಬಿಣದ ಏಣಿಮೆಟ್ಟಿಲು ಹತ್ತಿದರೆ ನನ್ನ ಕೊಠಡಿ. ಓಡುತ್ತಿರುವ ಮೋಟರಿನ ಮೈಗೆ ಅಂಗಿಯ ಗುಂಡಿಯಷ್ಟು ದೊಡ್ಡದೊಂದು ಹರಳನ್ನು ಒತ್ತಿ ಹಿಡಿಯುವುದು ನನ್ನ ಕೆಲಸ. ನಡುಕ ತಾಗಿದರೆ ಆ ಹರಳಿನಲ್ಲಿ ಚೂರು ವಿದ್ಯುತ್ ಹುಟ್ಟುತ್ತದೆ, ಮೀಟರಿನ ಮುಳ್ಳು ಏಳುತ್ತದೆ. ಮಿತಿ ಮೀರಿ ನಡುಗುವ ಮೋಟರನ್ನು ನಾನು ವಾಪಸು ಕಳಿಸುತ್ತಿದ್ದೆ. ಆ ಕೊಠಡಿಯಲ್ಲಿ ನನ್ನ ಸಹಿಯಿಲ್ಲದೆ ಒಂದು ಮೋಟರೂ ಹೊರಗೆ ಹೋಗುತ್ತಿರಲಿಲ್ಲ. ಇಷ್ಟು ಹೆಮ್ಮೆ ನನಗೆ ಬೇರೆ ಯಾವುದರ ಬಗ್ಗೆಯೂ ಇರಲಿಲ್ಲ.

ನನ್ನ ಎದೆಬಡಿತ ನಿಮಿಷಕ್ಕೆ ಮೂವತ್ತಾರಕ್ಕೆ ಇಳಿದಿತ್ತು. ವಯಸ್ಸಿನಷ್ಟೇ ಬಡಿತ ಎಂದು ಆಸ್ಪತ್ರೆಯಲ್ಲಿ ನಾನೇ ತಮಾಷೆ ಮಾಡಿದೆನಂತೆ. ನೆನಪಿಲ್ಲ. ನೆನಪಿರುವುದು ಹೃದಯ ವಿಭಾಗದ ಹೊರಗಿನ ಉದ್ದ ಬೆಂಚು, ಅದರ ತುದಿಯಲ್ಲಿ ಗಂಜಿಯ ಫ್ಲಾಸ್ಕನ್ನು ತೊಡೆಯ ಮೇಲಿಟ್ಟು ನೆಟ್ಟಗೆ ಕೂತಿದ್ದ ಅತ್ತೆ. ನನ್ನ ಅತ್ತೆ ಶಿವಗಂಗಮ್ಮ ರಾಣೆಬೆನ್ನೂರಿನವರು, ಮಾವ ತೀರಿಕೊಂಡ ಮೇಲೆ ನಾಗಸಂದ್ರದ ನಮ್ಮ ಬಾಡಿಗೆ ಮನೆಯಲ್ಲೇ ಇದ್ದರು. ಹೆಚ್ಚು ಮಾತಿಲ್ಲ. ಆ ಬೆಂಚಿನಲ್ಲಿ ಅತ್ತಿಬೆಲೆ ಕಡೆಯ ಒಬ್ಬ ಹೆಂಗಸು ನನ್ನ ಮುಖ ನೋಡಿ ಹತ್ತಿರ ಸರಿದು, ಸೆರಗು ಸರಿಸಿ, ಎಡಗಡೆಯ ಕಾಲರ್ ಎಲುಬಿನ ಕೆಳಗಿನ ಉಬ್ಬನ್ನು ತೋರಿಸಿದರು.

"ಮುಟ್ಟಿ ನೋಡವ್ವ. ಬೆಂಕಿಪೊಟ್ಟಣ ಮಡಗ್ದಂಗೈತೆ ಅಷ್ಟೆ. ಇದನ್ನ ಇಟ್ಕೊಂಡೇ ಮಗಳ ಮದುವೆ ಮಾಡ್ದೆ."

ಮುಟ್ಟಿದೆ. ಆಮೇಲೆ ಒಳಗೆ ಯಾರು ಏನು ವಿವರಿಸಿದರೂ ಆ ಒಂದು ಸ್ಪರ್ಶದಷ್ಟು ಧೈರ್ಯ ಕೊಡಲಿಲ್ಲ.

ನನಗೆ ಹಾಕಿದ್ದು ಸ್ವಲ್ಪ ಹೊಸ ಬಗೆಯದು. "ಹಳೇದು ಕೂತ್ರೂ ಓಡಿದ್ರೂ ಒಂದೇ ಸ್ಪೀಡು," ಎಂದರು ಡಾಕ್ಟರ್. "ಇದು ಹಾಗಲ್ಲ. ನೀವು ನಡೆದ್ರೆ ಇದಕ್ಕೆ ಗೊತ್ತಾಗುತ್ತೆ, ತಾನಾಗಿ ಬೀಟ್ ಜಾಸ್ತಿ ಮಾಡುತ್ತೆ. ನ್ಯಾಚುರಲ್ ಹಾರ್ಟ್ ಥರಾನೇ."

"ಹೇಗೆ ಗೊತ್ತಾಗುತ್ತೆ ಸಾರ್?"

"ಒಳಗೊಂದು ಕ್ರಿಸ್ಟಲ್ ಇದೆ. ಮೈ ಅಲುಗಾಡಿದ್ರೆ ಅದು ಹಿಡಿಯುತ್ತೆ."

ನನ್ನದೇ ಉದ್ಯೋಗದ ಉಪಕರಣ ನನ್ನ ಎದೆಯೊಳಗೆ ಬಂದು ಕೂತಿದೆ ಎಂದು ಅಂದು ನಾನು ನಕ್ಕೆ. ಅದೇ ಉಪಕರಣದ ಎಲ್ಲ ತಪ್ಪುಗಳೂ ನನಗೆ ಗೊತ್ತಿದ್ದವು. ಅವು ಆ ಕ್ಷಣ ನೆನಪಾಗಲಿಲ್ಲ ಎಂಬುದಕ್ಕೆ ಇಂದಿಗೂ ನನ್ನ ಮೇಲೆ ನನಗೆ ಬೇಸರ.

ಮನೆಗೆ ಬಂದ ಮೇಲೆ ಕೂತರೆ, ಮಲಗಿದರೆ ಸುಖ. ಎಪ್ಪತ್ತು, ಎಪ್ಪತ್ತು, ಎಪ್ಪತ್ತು. ತಲೆಸುತ್ತು ಹೋಯಿತು, ಮುಖಕ್ಕೆ ಬಣ್ಣ ಬಂತು. ಆದರೆ ನಮ್ಮ ಮನೆ ಇದ್ದದ್ದು ಎರಡನೇ ಮಹಡಿಯಲ್ಲಿ. ಅತ್ತೆ ಹಿಂದಿನಿಂದ "ಸಾವಕಾಶ ಹತ್ತು, ಸಾವಕಾಶ" ಎನ್ನುತ್ತಿದ್ದರು. ನಾನು ಸಾವಕಾಶವೇ ಹತ್ತುತ್ತಿದ್ದೆ. ಹತ್ತು ಮೆಟ್ಟಿಲಿಗೆ ಉಸಿರು ಸಾಲದು, ಹದಿನೈದಕ್ಕೆ ಕಾಲು ಸೀಸ. ಬಾಗಿಲ ಮುಂದೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತುಬಿಡುತ್ತಿದ್ದೆ. ಇದನ್ನು ಯಾರಿಗೂ ಹೇಳಲಿಲ್ಲ. ಇಷ್ಟೆಲ್ಲ ಮಾಡಿಸಿಕೊಂಡ ಮೇಲೂ ಆಗುತ್ತಿಲ್ಲ ಎಂದರೆ ತಪ್ಪು ನನ್ನ ಮೈಯದೇ ಇರಬೇಕು ಎಂದುಕೊಂಡಿದ್ದೆ.

ಐದನೇ ವಾರ ರಜೆಯ ಕಾಗದ ಕೊಡಲು ಕಾರ್ಖಾನೆಗೆ ಹೋದೆ. ಪ್ರೆಸ್ಸುಗಳ ಪಕ್ಕದ ಕಂಬಕ್ಕೆ ಒರಗಿ ಫಿಟ್ಟರ್ ನರಸಿಂಹಪ್ಪನ ಜೊತೆ ಮಾತಾಡುತ್ತ ನಿಂತಿದ್ದಾಗ ಎದೆ ತಮಟೆ ಬಾರಿಸಿದಂತೆ ಬಡಿಯತೊಡಗಿತು. ನಿಂತಲ್ಲೇ ನಿಂತಿದ್ದೇನೆ, ಬಡಿತ ನೂರು ದಾಟಿದೆ. ನನ್ನ ಮುಖ ನೋಡಿ ನರಸಿಂಹಪ್ಪ ಸ್ಟೂಲು ತಂದು ಕೂರಿಸಿದ. ಅದು ಇನ್ನೂ ಜೋರಾಯಿತು. ಅವನೇ ರಟ್ಟೆ ಹಿಡಿದು ಹೊರಗಿನ ಹೊಂಗೆ ಮರದ ಕೆಳಗೆ ಕರೆದೊಯ್ದ. ಎರಡು ನಿಮಿಷದಲ್ಲಿ ಎಲ್ಲ ಶಾಂತ.

"ಸೌಂಡಿಗೆ ಎದರ್ಕಂಡ್ರಿ ಮೇಡಂ," ಎಂದ. "ಅಭ್ಯಾಸ ತಪ್ಪೋಗದೆ."

ಎಂಟು ವರ್ಷ ಕೇಳಿದ ಸದ್ದಿಗೆ ನಾನು ಹೆದರುತ್ತೇನೆಯೇ? ಆದರೆ ನೋಡಿದವರೆಲ್ಲ ಹಾಗೆಯೇ ಹೇಳಿದರು, ಸುದ್ದಿ ಕಾರ್ಖಾನೆಯ ವೈದ್ಯಾಧಿಕಾರಿಗೂ ಮುಟ್ಟಿತು. ವಾರದೊಳಗೆ ಪತ್ರ ಬಂತು. ಮೆಟ್ಟಿಲು ಹತ್ತುವ ಮತ್ತು ಶೆಡ್ಡಿನೊಳಗೆ ಓಡಾಡುವ ಕೆಲಸಕ್ಕೆ ನಾನು ಅರ್ಹಳೆಂದು ಪರೀಕ್ಷೆಯಲ್ಲಿ ತೋರಿಸಬೇಕು. ಇಲ್ಲದಿದ್ದರೆ ರವಾನೆ ವಿಭಾಗಕ್ಕೆ ವರ್ಗ, ಖಾಯಂ ಆಗಿ. ರವಾನೆ ವಿಭಾಗವೆಂದರೆ ಪೆಟ್ಟಿಗೆಗಳ ಮೇಲೆ ಅಂಟಿಸುವ ಚೀಟಿ ಟೈಪು ಮಾಡುವುದು.

ಪತ್ರವನ್ನು ಗಟ್ಟಿಯಾಗಿ ಓದಿದೆ. ಕೋಪಕ್ಕೆ ಕಣ್ಣು ಉರಿಯುತ್ತಿತ್ತು. ಬೆರಳು ತಾನಾಗಿಯೇ ಕುತ್ತಿಗೆಯ ನಾಡಿಗೆ ಹೋಯಿತು. ಎಪ್ಪತ್ತು. ಅಷ್ಟು ಕೋಪಕ್ಕೆ ಒಂದೂ ಬಡಿತ ಹೆಚ್ಚಿಲ್ಲ. ನನಗೆ ವಿಚಿತ್ರ ಅನಿಸಿ, ಪಕ್ಕದಲ್ಲಿ ಕೂತಿದ್ದ ಅತ್ತೆಯ ಮಣಿಕಟ್ಟು ಹಿಡಿದೆ.

"ಏನ ಮಾಡಾಕತ್ತಿ?"

"ಸುಮ್ನೆ ಇರಿ ಅತ್ತೆ, ಎಣಿಸ್ತಿದೀನಿ."

ನೂರಾ ನಾಲ್ಕು. ಸೋಫಾದ ಮೇಲೆ ಮುಖದ ಒಂದು ಗೆರೆಯೂ ಅಲುಗದೆ ಕೂತಿದ್ದ ಹೆಂಗಸಿನದು.

ಪರೀಕ್ಷಾ ಕೊಠಡಿಯಲ್ಲಿ ಒಂದು ಮೀಟರಿನ ಮೇಲೆ ಅನುಮಾನ ಬಂದರೆ ಅದನ್ನು ನಂಬಿಕಸ್ತ ಮೀಟರಿನ ಪಕ್ಕದಲ್ಲಿಟ್ಟು ಎರಡಕ್ಕೂ ಒಂದೇ ಕೆಲಸ ಕೊಡುತ್ತೇವೆ. ಆ ನಂಬಿಕಸ್ತ ಮೀಟರಿಗೆ ನಾವು ಮಾಸ್ಟರ್ ಎನ್ನುತ್ತೇವೆ. ಮರುದಿನದಿಂದ ನನ್ನ ಮಾಸ್ಟರ್ ಅತ್ತೆಯಾದರು. ಅರವತ್ತೆರಡು ವರ್ಷ, ಒಂದು ಮಾತ್ರೆಯೂ ನುಂಗದ ಹೃದಯ. ಅವರು ಲಿಂಗಪೂಜೆ ಮುಗಿಸಿ ಏಳುತ್ತಲೇ ಶುರು. ಇಬ್ಬರೂ ಜೊತೆಗೆ ಕೂರುವುದು, ಜೊತೆಗೆ ನಡೆಯುವುದು, ಜೊತೆಗೆ ಮೆಟ್ಟಿಲು. ಬಸವರಾಜ್ ಕೈಗಡಿಯಾರ ಹಿಡಿದು ಅವರ ತಾಯಿಯ ನಾಡಿ ಎಣಿಸುತ್ತಿದ್ದರು, ನನ್ನದನ್ನು ನಾನು.

"ಮದುವ್ಯಾಗಿ ಹನ್ನೊಂದು ವರ್ಷಕ್ಕ ಅತ್ತಿ ಪರೀಕ್ಷಾ ಮಾಡೂ ಸೊಸಿನ್ನ ನೋಡಿದೆ," ಎಂದರು ಅತ್ತೆ. ಆದರೆ ಒಂದು ದಿನವೂ ತಪ್ಪಿಸಲಿಲ್ಲ.

ಡೈರಿಯಲ್ಲಿ ಇರುವುದು ಹೀಗೆ. ಕೂತಾಗ ಅತ್ತೆ ಎಪ್ಪತ್ತೆರಡು, ನಾನು ಎಪ್ಪತ್ತು. ಕೆಳಗಿನಿಂದ ಎರಡನೇ ಮಹಡಿಗೆ ಹತ್ತಿದಾಗ ಅತ್ತೆ ನೂರಾ ಹದಿನೆಂಟು, ನಾನು ಎಪ್ಪತ್ತಾರು. ಇಳಿದಾಗ ಅತ್ತೆ ತೊಂಬತ್ತನಾಲ್ಕು, ನಾನು ತೊಂಬತ್ತೆಂಟು. ಬಸ್ಸಿನಲ್ಲಿ ತುಮಕೂರು ರಸ್ತೆಯ ಗುಂಡಿಗಳ ಮೇಲೆ ಸೀಟಿನಲ್ಲಿ ಕೂತು ಹೋದಾಗ ಅತ್ತೆ ಎಪ್ಪತ್ತನಾಲ್ಕು, ನಾನು ನೂರಾ ಆರು.

"ನಿಂದು ತಲಿಕೆಳಗ ಐತಲ್ಲವಾ," ಎಂದರು ಅತ್ತೆ. "ಹತ್ತಾಗ ಮಲಗತೈತಿ, ಇಳಿಯಾಗ ಓಡತೈತಿ, ಬಸ್ಸಿನ್ಯಾಗ ಕುಣಿತೈತಿ."

ಆಮೇಲೆ ನಾನು ಡಾಕ್ಟರಿಗೂ ಇದಕ್ಕಿಂತ ಚೆನ್ನಾಗಿ ವಿವರಿಸಲಿಲ್ಲ. ಹರಳಿಗೆ ಆಯಾಸ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನಡುಕ ಮಾತ್ರ. ಇಳಿಯುವಾಗ ದೇಹದ ಭಾರ ಪ್ರತಿ ಮೆಟ್ಟಿಲಿಗೂ ಬೀಳುತ್ತದೆ, ಅದು ಎಚ್ಚರಗೊಳ್ಳುತ್ತದೆ. ಪ್ರೆಸ್ಸಿನ ಕಂಬಕ್ಕೆ ಒರಗಿದರೆ ನಾನು ಓಡುತ್ತಿದ್ದೇನೆ ಎಂದುಕೊಳ್ಳುತ್ತದೆ. ಇಷ್ಟು ನನಗೆ ಅರ್ಥವಾಗಿತ್ತು. ಆದರೆ ಹತ್ತುವಾಗ ಇಷ್ಟು ಮಂಕಾಗಿ ಯಾಕೆ ಕೂರುತ್ತದೆ? ಆಸ್ಪತ್ರೆಯ ಆ ಬೆಂಚಿನಲ್ಲಿ ಸಿಕ್ಕ, ಇದೇ ಬಗೆಯ ಯಂತ್ರ ಹಾಕಿಸಿಕೊಂಡ ಒಬ್ಬ ಲಾರಿ ಡ್ರೈವರು ಮೂರು ಮಹಡಿ ಹತ್ತುತ್ತೇನೆ ಎಂದಿದ್ದರು.

ಅಂಕಿಗಳ ಹಾಳೆ ಹಿಡಿದು ಡಾಕ್ಟರ ಕೋಣೆಗೆ ನಾವು ಮೂವರೂ ಹೋದ ದಿನ ಅವರು ಏನನ್ನೋ ಬರೆಯುತ್ತ ತಲೆ ಬಗ್ಗಿಸಿದ್ದರು. ಅತ್ತೆ, ಬಸವರಾಜ್ ಇನ್ನೂ ಬಾಗಿಲ ಹತ್ತಿರ. ನಾನು ಮೇಜಿನ ಮುಂದೆ ಹೋಗಿ ನಿಂತೆ. ಎಷ್ಟೋ ಹೊತ್ತಾದ ಮೇಲೆ ಅವರು ತಲೆಯೆತ್ತಿ ಬೆಚ್ಚಿದರು.

"ಅರೆ, ಯಾವಾಗ ಬಂದ್ರಿ? ಗೊತ್ತೇ ಆಗ್ಲಿಲ್ಲ."

ಆಗಲೇ ಆ ಮಾತು ಬಂದದ್ದು: "ನಿಮಗೇ ಗೊತ್ತಾಗ್ಲಿಲ್ಲ, ಆ ಹರಳಿಗೆ ಹೇಗೆ ಗೊತ್ತಾಗ್ಬೇಕು?" ನಾನೇ ಹೇಳಿದೆ ಎಂದು ನನ್ನ ನಂಬಿಕೆ. ತಾನು ಹೇಳಿದ್ದು ಎನ್ನುತ್ತಾರೆ ಬಸವರಾಜ್. ಅತ್ತೆಯ ಪ್ರಕಾರ ಇಬ್ಬರೂ ಬಾಯಿ ತೆರೆಯಲಿಲ್ಲ, ಡಾಕ್ಟರೇ ತಮ್ಮ ಹಣೆ ಮುಟ್ಟಿಕೊಂಡು 'ನನಗೇ ಗೊತ್ತಾಗ್ಲಿಲ್ಲ' ಎಂದು ಶುರು ಮಾಡಿ ಹೇಳಿದರು. ಡೈರಿಯಲ್ಲಿ ಅಂದು ಬರೆದಿರುವುದು ಒಂದೇ ಪದ: ಹೆಜ್ಜೆ.

ನಾನು ಬೆಳೆದದ್ದು ಸರ್ಕಾರಿ ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿ. ಅಪ್ಪನಿಗೆ ಮೂರನೇ ಪಾಳಿ ಬಂದ ವಾರಗಳಲ್ಲಿ ಅವರು ಹಗಲೆಲ್ಲ ಮಲಗುತ್ತಿದ್ದರು, ನಾವು ಮಕ್ಕಳು ಎರಡೇ ಕೋಣೆಯ ಮನೆಯಲ್ಲಿ ಬೆಕ್ಕಿನಂತೆ ನಡೆಯುತ್ತಿದ್ದೆವು. ಮುಂಗಾಲು ಮೊದಲು, ಹಿಮ್ಮಡಿ ಆಮೇಲೆ, ಭಾರವೆಲ್ಲ ಮಂಡಿಯಲ್ಲಿ. ಮದುವೆಯಾಗಿ ರಾಣೆಬೆನ್ನೂರಿಗೆ ಹೋದಾಗ ಅತ್ತೆ ಮೊದಲ ವಾರವೇ ಹೇಳಿದ್ದರು, "ಹೆಣ್ಣಮಕ್ಕಳ ಹೆಜ್ಜಿ ಸಪ್ಪಳ ಪಡಸಾಲಿಗೆ ಕೇಳಬಾರದು." ಮರುದಿನ ನನ್ನ ನಡಿಗೆ ನೋಡಿ, ಹೇಳಬೇಕಾಗಿರಲಿಲ್ಲ ಎಂದುಕೊಂಡರಂತೆ. ಆಸ್ಪತ್ರೆಯಿಂದ ಬಂದ ಮೇಲೆ ಇನ್ನಷ್ಟು ಹಗುರ, ಇನ್ನಷ್ಟು ಸಾವಕಾಶ. ನನ್ನ ಎದೆಯೊಳಗಿನ ಹರಳಿಗೆ ನಾನು ಮೆಟ್ಟಿಲು ಹತ್ತುತ್ತಿರುವ ಸುದ್ದಿಯೇ ತಲುಪುತ್ತಿರಲಿಲ್ಲ. ಅದರ ಲೆಕ್ಕದಲ್ಲಿ ನಾನು ಎಲ್ಲೋ ಕೂತಿದ್ದೆ.

ಡಾಕ್ಟರ್ ನನ್ನ ಎದೆಯ ಮೇಲೆ ಒಂದು ಬಿಲ್ಲೆ ಇಟ್ಟು, ಯಂತ್ರದಲ್ಲಿ ಗುಂಡಿಗಳನ್ನು ಒತ್ತಿ, ಹರಳಿನ ಸೂಕ್ಷ್ಮತೆಯನ್ನು ಒಂದು ಹಂತ ಏರಿಸಿದರು.

"ಇನ್ನೂ ಏರಿಸಬಹುದಲ್ಲ ಸಾರ್?"

"ಏರಿಸಬಹುದು. ಆಮೇಲೆ ನಿಮ್ಮ ಪ್ರೆಸ್ ಶಾಪಲ್ಲಿ ಸುಮ್ನೆ ನಿಂತಾಗ ನೂರಾ ಇಪ್ಪತ್ತು ಹೊಡೆಯುತ್ತೆ. ಇದರಲ್ಲಿ ಎಷ್ಟು ಆಗುತ್ತೋ ಅಷ್ಟು ನಾನು ಮಾಡಿದೀನಿ ಮೇಡಂ. ಉಳಿದದ್ದು ನೀವು ಕಾಲಲ್ಲಿ ಮಾಡಿ. ಧಪಧಪ ಅಂತ ನಡೀರಿ."

ಧಪಧಪ ಎಂದು ನಡೆಯುವುದು ಎಷ್ಟು ಕಷ್ಟ ಎಂದು ಯಾರಿಗೂ ಹೇಳಿ ತಿಳಿಸಲಾಗದು. ಮೊದಲ ದಿನ ನಾನು ಮೂರು ಮೆಟ್ಟಿಲು ತುಳಿದು ನಾಚಿಕೆಯಿಂದ ನಿಂತುಬಿಟ್ಟೆ. ಹಿಂದಿನಿಂದ ಅತ್ತೆ ತಳ್ಳಿದರು.

"ತುಳಿ."

"ಆಗಲ್ಲ ಅತ್ತೆ, ಯಾರಾದ್ರೂ ನೋಡಿದ್ರೆ?"

"ನೋಡಲಿ. ನೀ ತುಳಿಲಿಲ್ಲಂದ್ರ ನಾ ತುಳಿತೀನಿ, ನೋಡು."

ತುಳಿದರು. ಗೋಡೆಗೆ ತಾಗಿಸಿ ಇಟ್ಟಿದ್ದ ಸೈಕಲ್ಲಿನ ಬೆಲ್ಲು ತಾನಾಗಿ ಟಿಣ್ ಎಂದಿತು. ನಾವಿಬ್ಬರೂ ಬೆಳಿಗ್ಗೆ ಮೂರು ಸಲ, ಸಂಜೆ ಮೂರು ಸಲ ಹಾಗೆ ಹತ್ತಿ ಇಳಿದೆವು. ನಾಲ್ಕನೇ ದಿನ ಮೊದಲ ಮಹಡಿಯ ಮನೆಯೊಡತಿ ಕಮಲಮ್ಮ ಬಾಗಿಲು ತೆರೆದರು.

"ಏನ್ರೀ ಅದು ದಿನಾ ಧಡಧಡ ಅಂತ? ನಮ್ಮನೆ ಶೋಕೇಸಿನ ಗ್ಲಾಸೆಲ್ಲ ಅಲ್ಲಾಡ್ತಿದಾವೆ."

"ಅಲ್ಲಾಡಲಿ ಬಿಡ್ರಿ," ಎಂದರು ಅತ್ತೆ, ಮೆಟ್ಟಿಲ ಮೇಲೇ ನಿಂತು. "ನಮ್ಮ ಸೊಸಿ ಎದ್ಯಾಗಿನ ಮಶೀನಿಗೆ ಕಿವಿ ಮಂದ ಐತಿ. ಹದಿನೈದು ದಿನ ತಡಕೊರಿ."

ಕಮಲಮ್ಮ ಒಳಗೆ ಹೋದರು. ಮರುದಿನ ಶೋಕೇಸಿನ ಗಾಜುಗಳ ನಡುವೆ ಹತ್ತಿ ಇಟ್ಟಿದ್ದಾರೆ ಎಂದು ಗೊತ್ತಾಯಿತು. ಒಂದು ವಾರ ಕಳೆದ ಮೇಲೆ ಅವರೇ ಬಾಗಿಲಲ್ಲಿ ನಿಂತು "ಇವತ್ತು ಎಷ್ಟು ಬಂತು?" ಎಂದು ಕೇಳುತ್ತಿದ್ದರು.

ಎಂಬತ್ತೆಂಟು ಬಂತು. ತೊಂಬತ್ತೈದು. ಹನ್ನೊಂದನೇ ದಿನ ನೂರಾ ನಾಲ್ಕು, ಬಾಗಿಲ ಮುಂದೆ ಕೂರದೆ ನೇರ ಅಡುಗೆಮನೆಗೆ ಹೋಗಿ ನೀರು ಕುಡಿದೆ. ಮಾಸ್ಟರಿಗೆ ಸರಿಸಮ ಎಂದೂ ಆಗಲಿಲ್ಲ. ಅತ್ತೆಯ ಬಡಿತ ಮೊದಲ ಮೆಟ್ಟಿಲಿಗೆ ಕಾಲಿಡುವ ಮುಂಚೆಯೇ ಏರತೊಡಗುತ್ತಿತ್ತು, ಹತ್ತಬೇಕು ಎಂದುಕೊಂಡರೆ ಸಾಕು. ನನ್ನದು ಆರೇಳು ಮೆಟ್ಟಿಲು ತಡ. ಹತ್ತಿ ನಿಂತ ಮೇಲೆ ಅವರದು ನಿಧಾನವಾಗಿ ಇಳಿದರೆ ನನ್ನದು ಮೊದಲೇ ಹಾಕಿಟ್ಟ ಲೆಕ್ಕದಂತೆ ಇಳಿಯುತ್ತಿತ್ತು. ಕೋಪ, ಭಯ, ಸಂತೋಷ ಇವು ಯಾವುವೂ ಅದಕ್ಕೆ ತಿಳಿಯವು. ಡಾಕ್ಟರ್ ಹೇಳಿದ 'ನ್ಯಾಚುರಲ್ ಹಾರ್ಟ್ ಥರಾನೇ' ಎಂಬುದಕ್ಕೆ ಎಷ್ಟು ಅಂಕ ಕೊಡುತ್ತೀಯ ಎಂದು ಬಸವರಾಜ್ ಒಮ್ಮೆ ಕೇಳಿದರು. ಪಾಸು, ಎಂದೆ. ಆದರೆ ಕಾಪಿ ಹೊಡೆಯಲು ಪಕ್ಕದವರು ಸಹಾಯ ಮಾಡಬೇಕು.

ಪರೀಕ್ಷೆಯ ದಿನ ವೈದ್ಯಾಧಿಕಾರಿ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು. ನಲವತ್ತೆರಡು ಮೆಟ್ಟಿಲು. ಮೀಟರಿನ ಪೆಟ್ಟಿಗೆ ಹಿಡಿದು ಎರಡು ಸಲ ಹತ್ತಬೇಕು, ನಡುವೆ ನಿಲ್ಲಬಾರದು, ಮೇಲೆ ಹೋಗಿ ತಡವರಿಸದೆ ಮಾತಾಡಬೇಕು. ಈ ಸಲ ನಾನು ಕಂಬಕ್ಕೆ ಒರಗಲಿಲ್ಲ. ಮೋಟರುಗಳ ಕೆಳಗೆ ಹಾಸುವ ದಪ್ಪ ರಬ್ಬರಿನ ತುಂಡೊಂದನ್ನು ನೆಲಕ್ಕೆ ಹಾಕಿ ಅದರ ಮೇಲೆ ನಿಂತಿದ್ದೆ. ಪ್ರೆಸ್ಸುಗಳು ಬಡಿಯುತ್ತಿದ್ದವು, ಎದೆ ಸುಮ್ಮನಿತ್ತು. ಅವರು ನಾಡಿ ಹಿಡಿದರು.

"ಎಪ್ಪತ್ತು. ಭಯಾನೇ ಇಲ್ಲ ನಿಮಗೆ. ಗುಡ್."

ನನ್ನ ಅಂಗೈ ಬೆವರಿನಿಂದ ತೊಯ್ದಿತ್ತು, ಬಾಯಿ ಒಣಗಿತ್ತು. ಅವರನ್ನು ತಿದ್ದಬೇಕಿತ್ತೇ? ನಾನು ತಿದ್ದಲಿಲ್ಲ. ಅದನ್ನು ಮೋಸ ಎನ್ನಬಹುದೇ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ.

ಬಲಗಾಲು ಎತ್ತಿ ಮೊದಲ ಮೆಟ್ಟಿಲಿಗೆ ಬಡಿದೆ. ಕಬ್ಬಿಣ ಝಂಗ್ ಎಂದಿತು. ಸಿಮೆಂಟಿನ ಮೆಟ್ಟಿಲಲ್ಲಿ ಹದಿನೈದು ದಿನ ಅಷ್ಟು ಕಷ್ಟಪಟ್ಟವಳಿಗೆ ಈ ಕಬ್ಬಿಣ ಎಂಥ ಉಪಕಾರ ಮಾಡಿತೆಂದು ಹೇಳಲಾರೆ. ಒಂದೊಂದು ಹೆಜ್ಜೆಗೂ ಇಡೀ ಏಣಿ ಅದುರಿತು. ಎಂಟನೇ ಮೆಟ್ಟಿಲಿಗೆ ಎದೆ ಏರಿದ್ದು ಗೊತ್ತಾಯಿತು. ಇಪ್ಪತ್ತಕ್ಕೆ ಉಸಿರು ಸಲೀಸು. ಮೇಲೆ ಹೋಗಿ ತಿರುಗಿ, ಇಳಿದು, ಮತ್ತೆ ಶುರು ಮಾಡಿದಾಗ ಊಟದ ಗಂಟೆ ಹೊಡೆದು ಪ್ರೆಸ್ಸುಗಳು ಒಂದೊಂದಾಗಿ ನಿಂತವು. ಆ ನಿಶ್ಶಬ್ದದಲ್ಲಿ ಶೆಡ್ಡಿನ ತುಂಬ ಕೇಳುತ್ತಿದ್ದುದು ನನ್ನ ಹೆಜ್ಜೆಯೊಂದೇ. ಬುತ್ತಿ ಹಿಡಿದು ಹೊರಟ ನಲವತ್ತು ಜನ ತಲೆಯೆತ್ತಿ ನೋಡಿದರು. ನನಗೆ ನಾಚಿಕೆಯಾಗಲಿಲ್ಲ. ನಾನು ಇನ್ನೂ ಗಟ್ಟಿಯಾಗಿ ತುಳಿದೆ.

ವೈದ್ಯಾಧಿಕಾರಿ ಹಿಂದೆಯೇ ಏದುಸಿರು ಬಿಡುತ್ತ ಹತ್ತಿ ಬಂದು ನನ್ನ ನಾಡಿ ಎಣಿಸಿದರು. ನೂರಾ ಹನ್ನೆರಡು. ಇನ್ನೊಮ್ಮೆ ಎಣಿಸಿದರು.

"ಮಾತಾಡಿ."

"ಏನು ಮಾತಾಡ್ಲಿ ಸಾರ್?"

"ಏನಾದ್ರೂ."

ಮೂರು ಅಶ್ವಶಕ್ತಿಯ ಮೋಟರಿನ ಪರೀಕ್ಷೆಯ ಹಂತಗಳನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಎಲ್ಲೂ ಉಸಿರು ಕಟ್ಟಲಿಲ್ಲ. ಅವರೇ ಇನ್ನೂ ಕಟಾಂಜನ ಹಿಡಿದು ಸುಧಾರಿಸಿಕೊಳ್ಳುತ್ತಿದ್ದರು.

"ಸ್ವಲ್ಪ ಮೆಲ್ಲಗೆ ಹತ್ತಬಹುದಲ್ಲಮ್ಮ?"

"ಮೆಲ್ಲಗೆ ಹತ್ತಿದ್ರೆ ಆಗಲ್ಲ ಸಾರ್."

ಅವರು ನಕ್ಕು ಅಲ್ಲೇ ನನ್ನ ಮೇಜಿನ ಮೇಲೆ ಕಾಗದವಿಟ್ಟು ಸಹಿ ಹಾಕಿದರು. ಕೆಳಗಿಳಿದಾಗ ನರಸಿಂಹಪ್ಪ ಬುತ್ತಿ ಬಿಚ್ಚದೆ ಕಾಯುತ್ತಿದ್ದ.

"ಏನ್ ಮೇಡಂ, ಇಂಗೆ ಆನೆ ಅತ್ತಿದಂಗೆ ಅತ್ಬುಟ್ರಿ. ಏಣಿ ಬೋಲ್ಟೆಲ್ಲ ಟೈಟ್ ಮಾಡ್ಬೇಕು ನಾನೀಗ."

"ಮಾಡು. ದಿನಾ ಹತ್ತುತೀನಿ."

ಹತ್ತುತ್ತಿದ್ದೇನೆ. ನಾಲ್ಕು ವರ್ಷವಾಯಿತು. ಪರೀಕ್ಷಾ ಕೊಠಡಿಯ ಚೀಟಿಗಳ ಮೇಲೆ ಇಂದಿಗೂ ನನ್ನ ಸಹಿ. ನಾನು ಬರುತ್ತಿರುವುದು ಈಗ ಎಲ್ಲರಿಗೂ ಮೊದಲೇ ಗೊತ್ತಾಗುತ್ತದೆ, ಹರಟೆ ಹೊಡೆಯುವ ಹುಡುಗಿಯರು ಆ ಸದ್ದಿಗೆ ಮೀಟರು ಹಿಡಿದುಕೊಳ್ಳುತ್ತಾರೆ.

ಪರೀಕ್ಷೆ ಮುಗಿದು ತಿಂಗಳಾದ ಮೇಲಿನ ಒಂದು ಭಾನುವಾರ ಬೆಳಿಗ್ಗೆ ನಾನು ಪೇಪರು ಓದುತ್ತ ಮಲಗಿದ್ದೆ. ಬಸವರಾಜ್ ಸ್ನಾನಕ್ಕೆ ಹೋಗಿದ್ದರು. ಮೆಟ್ಟಿಲ ಮೇಲೆ ಧಪ್, ಧಪ್ ಎಂದು ಯಾರೋ ಹತ್ತಿ ಬರುತ್ತಿದ್ದರು. ಆತುರವಿಲ್ಲ, ಕಳ್ಳತನವಿಲ್ಲ, ಒಂದೊಂದು ಮೆಟ್ಟಿಲನ್ನೂ ತನ್ನದು ಎಂದುಕೊಂಡು ತುಳಿಯುವ ಹೆಜ್ಜೆ. ಬಾಗಿಲು ತೆರೆದರೆ ಅತ್ತೆ, ಗಿರಣಿಯಿಂದ ಜೋಳದ ಹಿಟ್ಟಿನ ಡಬ್ಬಿ ಸೊಂಟಕ್ಕಿಟ್ಟುಕೊಂಡು. ನಮ್ಮ ಅಭ್ಯಾಸ ನಿಂತು ವಾರಗಳೇ ಆಗಿದ್ದವು. ನನಗೆ ತೋರಿಸಬೇಕಾದ ಅಗತ್ಯ ಅವರಿಗಿರಲಿಲ್ಲ, ನಾನು ಎಚ್ಚರವಿದ್ದೇನೆಂದೂ ಗೊತ್ತಿರಲಿಲ್ಲ. ಮುಖ ಕೆಂಪಾಗಿ, ಕಣ್ಣು ಹೊಳೆಯುತ್ತಿದ್ದವು. ನನ್ನನ್ನು ನೋಡಿ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತರು.

ನಾನು ಡಬ್ಬಿ ಇಸಿದುಕೊಳ್ಳುತ್ತ ಒಂದು ಮಾತು ಕೇಳಿದೆ. ಅವರು ಕೈಗೆ ಅಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದರು. ಆಮೇಲೂ ಎರಡು ಸಲ ಕೇಳಿದ್ದೇನೆ, ಹೋದ ವಾರವೂ ಕೇಳಿದೆ. 

"ಅತ್ತೆ, ಮದುವೆಗೆ ಮುಂಚೆ ನೀವು ಹೀಗೇ ನಡೀತಿದ್ರಾ?"